ಮಲಾಮು ಮುಟ್ಟದವರ ಪಟ್ಟಿ

ಹೋದ ವಾರ ಭಾಲ್ಕಿಗೆ ಹೋಗಿದ್ದೆ. ಬಸ್‌ ಸ್ಟ್ಯಾಂಡಿನ ಹತ್ತಿರ ನಮ್ಮ ಸೋದರಮಾವನ ಔಷಧಿ ಅಂಗಡಿ ಇದೆ. ಮಾಮಾ ಊಟಕ್ಕೆ ಹೊರಟು, "ಅರ್ಧ ತಾಸು ಕೂಡವಾ ಸುನಂದಾ, ಬಂದೇಬಿಡ್ತೇನಿ" ಅಂದರು. ಕೂತೆ. ಸ್ವಲ್ಪ ಹೊತ್ತಿಗೆ ನಡುವಯಸ್ಸಿನ ಒಬ್ಬ ಮನುಷ್ಯ ಬಂದು ಅಂಗಿಯ ಕಿಸೆಯಿಂದ ಒಂದು ಟ್ಯೂಬು ತೆಗೆದ. ತುದಿಯಿಂದ ಸುರುಳಿ ಸುತ್ತಿ ಸುತ್ತಿ ಹಿಂಡಿದ ಟ್ಯೂಬು. ಮೇಲಿನ ಹೆಸರು ಅಳಿಸಿಹೋಗಿತ್ತು. ಗುರುತು ಸಿಗಲಿ ಅಂತ ಮುಚ್ಚಳ ತೆಗೆದು ನನ್ನ ಮುಖದ ಹತ್ತಿರ ಹಿಡಿದ.

"ಇದೇ ಬೇಕ್ರಿ. ತುರಿಕಿಗಿ ಹಚ್ಚೋದು."

ಮೇಣದ ವಾಸನೆ, ಅದರೊಳಗೆ ಫಿನಾಯಿಲಿನ ಒಂದು ಎಳೆ. ನನಗೆ ಹೆಸರು ಓದುವ ಅಗತ್ಯ ಇರಲಿಲ್ಲ. "ಖಾಲಿ ಆಗ್ಯಾದ್ರಿ" ಅಂದೆ. ನನ್ನ ಬೆನ್ನ ಹಿಂದಿನ ಕಪಾಟಿನಲ್ಲಿ ಅದೇ ಡಬ್ಬಿಗಳು ಸಾಲಾಗಿ ಇದ್ದವು, ಅವನಿಗೂ ಕಾಣುತ್ತಿದ್ದವು. ಅವನು ಒಂದು ಸಲ ಕಪಾಟು ನೋಡಿದ, ಒಂದು ಸಲ ನನ್ನನ್ನು ನೋಡಿದ. ಎದುರಿನ ಅಂಗಡಿಗೆ ಹೋಗಿ, ಎರಡು ನಿಮಿಷದಲ್ಲಿ ಹೊಸ ಟ್ಯೂಬನ್ನು ಕಿಸೆಗೆ ಸೇರಿಸಿಕೊಳ್ಳುತ್ತ ನಮ್ಮ ಅಂಗಡಿಯ ಮುಂದೆಯೇ ಹಾದು ಹೋದ.

ಕೈ ತೊಳೆದರೂ ವಾಸನೆ ಹೋಗಲಿಲ್ಲ. ಟ್ಯೂಬನ್ನು ನಾನು ಮುಟ್ಟಿಯೂ ಇರಲಿಲ್ಲ.

ಬಿಎಸ್ಸಿ ಮುಗಿಸಿ ನಾಲ್ಕು ವರ್ಷ ಮಾಮಾನ ಆ ಅಂಗಡಿಯ ಗಲ್ಲೆಯ ಹಿಂದೆ ಕೂತವಳು ನಾನು. ಡಾಕ್ಟರ ಚೀಟಿ ತಂದವರಿಗೂ ಔಷಧಿ ಕೊಟ್ಟೆ, ತರದವರಿಗೂ ಕೊಟ್ಟೆ. ಇಸಬಿಗೆ ಅಂತ ಜನ ಬಂದರೆ ಈ ಮಲಾಮೇ. ಇಸಬು ಎಂಬ ಮಾತು ನಮ್ಮಲ್ಲಿ ಕನ್ನಡಕ್ಕೂ ಮರಾಠಿಗೂ ಒಂದೇ. ಚರ್ಮ ಕೆಂಪಾಗಿ, ಒಡೆದು, ನೀರು ಸೋರಿ, ಜೀವ ಹಿಂಡುವ ಹಾಗೆ ತುರಿಸುವ ರೋಗ. ಮಲಾಮು ಹಚ್ಚಿದರೆ ಮೂರು ದಿನದಲ್ಲಿ ಚರ್ಮ ನುಣ್ಣಗಾಗುತ್ತಿತ್ತು. ಜನ ಹರಸುತ್ತಿದ್ದರು. ನಾನು ಡಬ್ಬಿಯ ಮೇಲೆ ನೀಲಿ ಪೆನ್ನಿನಿಂದ "ದಿನಕ್ಕ ಎರಡು ಸಲ" ಎಂದು ಬರೆದು ಕೊಡುತ್ತಿದ್ದೆ. ಎಷ್ಟು ದಿನ ಎಂದು ಬರೆಯುತ್ತಿರಲಿಲ್ಲ.

ಆಮೇಲೆ ಬೀದರಿನ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ಒಂದು ವರ್ಷದ ಸಂಶೋಧನೆಗೆ ಹಳ್ಳಿ ತಿರುಗುವವರು ಬೇಕಾಗಿದ್ದಾರೆ ಎಂದು ತಿಳಿಯಿತು. ಕನ್ನಡ, ಮರಾಠಿ ಎರಡೂ ಬರಬೇಕು ಎಂದಿದ್ದರು. ನಮ್ಮ ಮನೆಯಲ್ಲಿ ಅಪ್ಪ ಕನ್ನಡದಲ್ಲಿ ಬೈಯುತ್ತಿದ್ದರು, ಅವ್ವ ಮರಾಠಿಯಲ್ಲಿ ಸಮಾಧಾನ ಮಾಡುತ್ತಿದ್ದಳು. ಕೆಲಸ ಸಿಕ್ಕಿತು. ಮಿರಗದ ಮಳೆ ಬಿದ್ದು ಸೋಯಾ ಬಿತ್ತನೆ ಶುರುವಾದ ವಾರ ನಾನು ಬೀದರಿಗೆ ಬಂದೆ.

ಅಧ್ಯಯನ ನಡೆಸುತ್ತಿದ್ದವರು ವಸುಧಾ ಮೇಡಂ. ಕಣ್ಣಿನ ಡಾಕ್ಟರು, ಕಲಬುರಗಿ ಕಡೆಯವರು, ಕಡಿಮೆ ಮಾತು. ಮೊದಲನೆಯ ದಿನ ನನ್ನನ್ನು ಕೂರಿಸಿಕೊಂಡು ಎಲ್ಲ ಬಿಡಿಸಿ ಹೇಳಿದರು.

"ಕಾಚಬಿಂದು, ಗ್ಲಾಕೋಮಾ ಅಂತಾರಲ್ಲ, ಗೊತ್ತದಲ್ಲ? ಕಣ್ಣಿನೊಳಗ ಒತ್ತಡ ಏರ್ತದ. ಹಿಂದಿನ ನರ ಅಂಚಿನಿಂದ ಸಾಯ್ಕೋತ ಬರ್ತದ. ನೋವಿಲ್ಲ, ಕೆಂಪಿಲ್ಲ, ಏನೂ ಇಲ್ಲ. ಮನುಷ್ಯಾಗ ಗೊತ್ತಾಗೋ ಹೊತ್ತಿಗಿ ಅರ್ಧ ಕಣ್ಣು ಹೋಗಿರ್ತದ. ಹೋದದ್ದು ಬರಂಗಿಲ್ಲ. ಈಗ ಅನುಮಾನ ಏನಪಾ ಅಂದ್ರ, ಇಸಬು ಇದ್ದವರಿಗಿ ಈ ಕಾಚಬಿಂದು ಹೆಚ್ಚಿಗಿ ಬರ್ತದೇನು? ಬಂದ್ರ ಯಾಕ? ಇಸಬು ರೋಗನೇ ಕಣ್ಣಿಗಿ ಇಳೀತದೋ, ಇಸಬಿಗಿ ಹಚ್ಚೋ ಸ್ಟಿರಾಯ್ಡ್ ಮಲಾಮು ಕಣ್ಣು ತಿಂತದೋ?"

ಮಲಾಮು ಎಂದ ಕೂಡಲೇ ನಾನು ಬರೆದುಕೊಳ್ಳುವುದನ್ನು ನಿಲ್ಲಿಸಿದೆ.

"ಅದಕ್ಕ ಜೀನು ನೋಡ್ತೇವಿ," ಎಂದರು ಮೇಡಂ. "ಜೀನು ತಾಯಿ ಹೊಟ್ಟ್ಯಾಗ ಇದ್ದಾಗೇ ಬಂದಿರ್ತಾವ. ಮಲಾಮು ಆಮ್ಯಾಲ ಬರ್ತದ. ಎಷ್ಟು ಹಚ್ಚಿದ್ರೂ ಜೀನು ಬದಲಾಗಂಗಿಲ್ಲ. ಇಸಬು ತರೋ ಜೀನು ಕಾಚಬಿಂದು ಆದವರಲ್ಲೂ ಹೆಚ್ಚಿಗಿ ಸಿಕ್ರ, ಎರಡಕ್ಕೂ ಹುಟ್ಟಿನಿಂದನೇ ಸಂಬಂಧ ಇರಬಹುದು. ಆದ್ರ ಒಂದು ತೊಡಕು. ಇಸಬಿನ ಜೀನು ಇದ್ದವ್ರೇ ಮಲಾಮು ಹಚ್ಚೋರು. ಎರಡೂ ಕೂಡೇ ಬರ್ತಾವ. ಬೇರೆ ಮಾಡಬೇಕಂದ್ರ ಇಸಬು ಇದ್ದೂ ಮಲಾಮು ಮುಟ್ಟದವರು ಬೇಕು."

ಹೀಗೆ ನನಗೆ ಮೂರು ಪಟ್ಟಿ ಕೊಟ್ಟರು. ಕಾಚಬಿಂದು ಆದವರದು ಒಂದು. ಇಸಬು ಇದ್ದು ಮಲಾಮು ಹಚ್ಚಿದವರದು ಎರಡನೆಯದು. ಇಸಬು ಇದ್ದೂ ಮಲಾಮು ಹಚ್ಚದವರದು ಮೂರನೆಯದು.

ಮೊದಲ ತಿಂಗಳು ಭಾಲ್ಕಿ ತಾಲ್ಲೂಕು. ಸಾಯಗಾಂವ, ಭಾತಂಬ್ರಾ. ಕೊಡೆ, ಕೆಸರು ಮೆತ್ತಿದ ಚಪ್ಪಲಿ, ಹೆಗಲಿಗೆ ತಂಪು ಪೆಟ್ಟಿಗೆ, ಕೈಚೀಲದಲ್ಲಿ ಕಣ್ಣಿನ ಒತ್ತಡ ಅಳೆಯುವ ಪುಟ್ಟ ಯಂತ್ರ. ಜೀನು ಸಿಗುವುದು ಉಗುಳಿನಲ್ಲಿ. ಒಂದು ಸಣ್ಣ ಕೊಳವೆ ತುಂಬ ಉಗುಳು ಬೇಕು. ಮನೆಗೆ ಬಂದವಳ ಮುಂದೆ ಉಗುಳುವುದೆಂದರೆ ನಮ್ಮ ಜನಕ್ಕೆ ಬಹಳ ಸಂಕೋಚ. ಹೆಂಗಸರು ಸೆರಗು ಮರೆಮಾಡಿ ಗೋಡೆಯ ಕಡೆ ತಿರುಗುತ್ತಿದ್ದರು. ಗಂಡಸರು ತಂಬಾಕು ಉಗುಳಿ ಬಾಯಿ ಮುಕ್ಕಳಿಸಿ ಬರುತ್ತಿದ್ದರು. ಅರ್ಧ ತಾಸು ಕಾಯಿರಿ ಎಂದು ಅವರನ್ನು ಕೂರಿಸಿಕೊಂಡು ಮಳೆಯ ಮಾತು, ಉದ್ದಿನ ಬೆಳೆಯ ಮಾತು ಆಡುತ್ತಿದ್ದೆ. ಒಪ್ಪಿಗೆಯ ಕಾಗದ ಓದಿ ಹೇಳುತ್ತಿದ್ದೆ. ಈ ಅಧ್ಯಯನದಿಂದ ತಮಗೆ ನೇರವಾಗಿ ಲಾಭ ಆಗದೆ ಇರಬಹುದು ಎಂಬ ಸಾಲು ಅದರಲ್ಲಿತ್ತು. ಯಾರೂ ಆ ಸಾಲಿಗೆ ತಲೆ ಕೆಡಿಸಿಕೊಳ್ಳಲಿಲ್ಲ. "ನೀವು ಬಂದೀರಲ್ಲ, ಏನರೆ ಛಲೋನೇ ಆಗ್ತದ" ಎನ್ನುತ್ತಿದ್ದರು.

ಎರಡನೆಯ ಪಟ್ಟಿ ದಿನದಿನಕ್ಕೆ ಬೆಳೆಯಿತು. ಮೂರನೆಯದರಲ್ಲಿ ಒಂದು ಹೆಸರೂ ಬೀಳಲಿಲ್ಲ. ಇಸಬು ಇದ್ದ ಮನೆಯಲ್ಲೆಲ್ಲ ಟ್ಯೂಬು ಇತ್ತು. ದೇವರ ಗೂಡಿನಲ್ಲಿ, ಕನ್ನಡಿಯ ಹಿಂದೆ, ಒಣ ಕೊಬ್ಬರಿ ಇಡುವ ಡಬ್ಬಿಯಲ್ಲಿ. ಕೈಗೆ ಹಚ್ಚುವವರು, ಕತ್ತಿಗೆ ಹಚ್ಚುವವರು, ಕೂಸಿನ ಕೆನ್ನೆಗೂ ಹಚ್ಚುವವರು.

ಭಾತಂಬ್ರಾದಲ್ಲಿ ಬೀರಪ್ಪ ಎಂಬ ಕುರಿ ಸಾಕುವ ರೈತ. ಮೊಣಕೈ ಮಡಿಕೆಯಲ್ಲಿ ಹಳೆಯ ಇಸಬು. ಏನು ಹಚ್ಚುತ್ತೀರಿ ಎಂದು ಕೇಳಿದೆ. ಒಳಗೆ ಹೋಗಿ ಡಬ್ಬಿ ತಂದು ಅಂಗೈ ಮೇಲಿಟ್ಟ. ಡಬ್ಬಿಯ ಮೇಲೆ ನೀಲಿ ಅಕ್ಷರ. ದಿನಕ್ಕ ಎರಡು ಸಲ. ನನ್ನದೇ ಕೈಬರಹ, ದ ಅಕ್ಷರಕ್ಕೆ ನಾನು ಬಾಲ ಉದ್ದ ಎಳೆಯುತ್ತೇನೆ.

"ಭಾಲ್ಕಿಯಿಂದ ತರ್ತೇನ್ರಿ," ಅಂದ ಬೀರಪ್ಪ. "ನನಗಿಂತ ನಮ್ಮ ತಂಗಿಗಿ ಭಾಳ ಬೇಕು. ಡಾಬಕಾಕ್ಕ ಕೊಟ್ಟೇವಿ. ಕಂಬಳಿ ನೂಲು ತೆಗೀತಾಳ, ಉಣ್ಣಿ ಮುಟ್ಟಿ ಮುಟ್ಟಿ ಕೈ, ಮಾರಿ ಎಲ್ಲಾ ಇಸಬು. ಕಣ್ಣಿನ ರೆಪ್ಪಿಗೂ ಆಗ್ಯಾದ. ನಾ ಹೋದಾಗೆಲ್ಲ ಐದಾರು ಟ್ಯೂಬ್ ಒಯ್ದು ಕೊಡ್ತೇನಿ."

"ರೆಪ್ಪಿಗೂ ಹಚ್ಚತಾರೇನ್ರಿ?"

"ಅಲ್ಲೇ ಹೆಚ್ಚಿಗಿ ಹಚ್ಚತಾಳ್ರಿ. ಎಂಟು ವರ್ಷ ಆಯ್ತು. ಈಗ ನಜರ್ ಕಮ್ಮಿ ಆಗ್ಯಾದ ಅಂತಾಳ. ನಲವತ್ತಾಯ್ತಲ್ಲ, ಚಾಳಿಶಿ ಬಂದಿರಬೇಕು."

ಡಾಬಕಾ ಔರಾದ ತಾಲ್ಲೂಕಿನಲ್ಲಿ, ಮಹಾರಾಷ್ಟ್ರದ ಗಡಿಗೆ ಹತ್ತಿಕೊಂಡ ಊರು. ಶ್ರಾವಣದಲ್ಲಿ ಹೋದೆ. ಔರಾದದವರೆಗೆ ಬಸ್ಸು, ಅಲ್ಲಿಂದ ಟಂಟಂ ಆಟೋ. ಕಪ್ಪು ನೆಲ ಹಸಿಯಾಗಿ ಗಾಲಿಗೆ ಅಂಟಿ, ಎರಡು ಕಡೆ ಇಳಿದು ನೂಕಬೇಕಾಯಿತು. ಕಮಳಾಬಾಯಿಯ ಮನೆ ಊರ ಕೊನೆಯಲ್ಲಿ. ಗಂಡ ಕುರಿ ಹಿಂಡಿನ ಜೊತೆ ಮಾಂಜ್ರಾ ನದಿಯ ಕಡೆ ಹೋಗಿದ್ದ. ಪಡಸಾಲೆಯಲ್ಲಿ ಉಣ್ಣೆಯ ಗುಡ್ಡೆ, ಕಂಬಳಿಗೆ ಹಚ್ಚುವ ಹುಣಸೆ ಬೀಜದ ಗಂಜಿ ಕಾಯಿಸಿದ ಹುಳಿ ವಾಸನೆ. ನಲವತ್ತರ ಆಸುಪಾಸಿನ ಗಟ್ಟಿಮುಟ್ಟಾದ ಹೆಂಗಸು ರಾಟಿಯ ಮುಂದೆ ಕೂತಿದ್ದಳು. ಹತ್ತೊಂಬತ್ತರ ಮಗಳು ಸವಿತಾ ಪಕ್ಕದಲ್ಲಿ ಉಣ್ಣೆಯೊಳಗಿನ ಮುಳ್ಳು, ಕಸ ಆರಿಸುತ್ತಿದ್ದಳು.

ನಾನು ಯಾರು, ಯಾಕೆ ಬಂದೆ ಎಂದು ಹೇಳುತ್ತಿದ್ದಂತೆ ಕಮಳಾಬಾಯಿ ರಾಟಿ ನಿಲ್ಲಿಸಿ ತಲೆ ಓರೆ ಮಾಡಿ ಕೇಳಿದಳು.

"ನಿಮ್ಮ ದನಿ ನಾ ಕೇಳೀನ್ರಿ. ಭಾಲ್ಕಿ ಮೆಡಿಕಲ್‌ನಾಗ ಕೂಡ್ತಿದ್ರಲ್ಲ ನೀವು? ಪಂಚಮಿಗಿ ತವರಿಗಿ ಬಂದಾಗ ನಾನೇ ಬಂದು ಮಲಾಮು ಒಯ್ತಿದ್ದೆ."

ನನಗೆ ಅವಳ ಮುಖ ನೆನಪಿರಲಿಲ್ಲ. ಹೌದು ಎಂದೆ.

"ಛಲೋ ಆಯ್ತು ನೋಡ್ರಿ ನೀವೇ ಬಂದದ್ದು. ಭಾಳ ಛಲೋ ಮಲಾಮು ಅದು. ಈ ಕೈಲೇ ನೂಲೋದು ಬಿಟ್ಟುಬಿಡಬೇಕು ಅನ್ನೋಹಂಗ ಆಗಿತ್ತು, ನೀವು ಕೊಟ್ಟದ್ದರ ಮ್ಯಾಲೇ ಇಷ್ಟು ವರ್ಷ ನೂತೇನಿ." ಮಗಳ ಕಡೆ ತಿರುಗಿ, "ಚಹಾ ಇಡವಾ, ಸಕ್ರಿ ಜ್ಯಾಸ್ತಿ ಹಾಕು" ಎಂದಳು.

ನಾನು ಯಂತ್ರ ತೆಗೆದೆ. ಒತ್ತಡ ಇಪ್ಪತ್ತೊಂದರ ಒಳಗಿರಬೇಕು. ಬಲಗಣ್ಣು ಮೂವತ್ತೆಂಟು, ಎಡಗಣ್ಣು ಮೂವತ್ತನಾಲ್ಕು. ತಪ್ಪಿರಬಹುದು ಎಂದು ಮತ್ತೆ ಅಳೆದೆ. ಅಷ್ಟೇ ಬಂತು. ಎಡಗಣ್ಣು ಮುಚ್ಚಿಸಿ ಬಲಗಣ್ಣ ಮುಂದೆ ಕೈ ಆಡಿಸಿದೆ. "ಏನರೆ ಕಾಣ್ತದೇನ್ರಿ?" ಎಂದರೆ, "ಬಾಗಲದ ಬೆಳಕು ಕಾಣ್ತದ್ರಿ" ಎಂದಳು. ಬಾಗಿಲು ನನ್ನ ಬೆನ್ನ ಹಿಂದಿತ್ತು.

ಇವತ್ತಿನಿಂದಲೇ ಮಲಾಮು ನಿಲ್ಲಿಸಬೇಕು, ಈ ವಾರವೇ ಬೀದರಿಗೆ ಬರಬೇಕು ಎಂದೆ. ಯಾಕೆ ಎಂದು ಕೇಳಲಿಲ್ಲ. ಓದಿದವಳು ಹೇಳಿದಳು, ಅಷ್ಟೇ. ಗೂಡಿನಲ್ಲಿ ಇನ್ನೂ ಆರು ಟ್ಯೂಬು ಇದ್ದವು. ನಾನು ಅವನ್ನು ನೋಡಿದೆ. ತೆಗೆದುಕೊಂಡು ಹೋಗಬೇಕು ಅಂತ ಹೊಳೆಯಲಿಲ್ಲ.

ಹೊಳೆಯದೆ ಹೋದದ್ದಕ್ಕೆ ಕಾರಣ ಸವಿತಾ. ಅವಳಿಗೂ ಮೊಣಕೈ ಮಡಿಕೆಯಲ್ಲಿ, ಕತ್ತಿನಲ್ಲಿ, ಎರಡೂ ರೆಪ್ಪೆಗಳ ಮೇಲೆ ಇಸಬು ಇತ್ತು. ಕೆಂಪಾಗಿ, ಒರಟಾಗಿ, ತುರಿಸಿ ಗೀರು ಬಿದ್ದಿತ್ತು. ಏನು ಹಚ್ಚುತ್ತೀ ಎಂದು ಕೇಳಿದೆ.

"ಏನೂ ಹಚ್ಚಂಗಿಲ್ಲ ಅಕ್ಕಾ. ನನಗ ಆ ವಾಸ್ನಿ ಆಗಂಗಿಲ್ಲ, ಓಕರಿಕಿ ಬರ್ತದ. ಕೊಬ್ರಿ ಎಣ್ಣಿ ಹಚ್ಕೋತೇನಿ ಅಷ್ಟೇ."

"ಒಮ್ಮೆನೂ ಹಚ್ಚಿಲ್ಲ?"

"ಒಮ್ಮೆನೂ ಇಲ್ಲ."

ಅವಳ ಒತ್ತಡ ಎರಡೂ ಕಣ್ಣಿಗೆ ಹದಿನೈದು. ನನಗೆ ಆದ ಸಂತೋಷ ಹೇಳಲಾಗದು. ಎರಡು ತಿಂಗಳು ಖಾಲಿ ಇದ್ದ ಮೂರನೆಯ ಪಟ್ಟಿಯ ಮೊದಲ ಸಾಲಿನಲ್ಲಿ ಅವಳ ಹೆಸರು ಬರೆದೆ. ಅವಳು ಕೊಳವೆಯಲ್ಲಿ ಉಗುಳಿ, ನಾಚಿ ನಕ್ಕು, ಮುಚ್ಚಳ ಹಾಕಿ ಕೊಟ್ಟಳು. ಆ ಕೊಳವೆಯನ್ನು ಬೇರೆಯವುಗಳ ಜೊತೆ ಇಡದೆ ಕರವಸ್ತ್ರದಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟುಕೊಂಡು ಬೀದರಿಗೆ ಬಂದೆ. ಮೇಡಂ ಅಪರೂಪಕ್ಕೆ ನಕ್ಕರು. "ಒಬ್ಬಾಕಿ ಸಿಕ್ಕಾಳಂದ್ರ ಇನ್ನೂ ಸಿಗ್ತಾರ" ಎಂದರು.

ಇನ್ನೊಬ್ಬರು ಸಿಗಲಿಲ್ಲ.

ಕಮಳಾಬಾಯಿಯನ್ನು ಅಣ್ಣ ಬೀರಪ್ಪ ಮರು ವಾರ ಬೀದರಿಗೆ ಕರೆತಂದ. ಇಡೀ ದಿನ ಪರೀಕ್ಷೆ ಆಯಿತು. ಮೇಡಂ ಕೊನೆಗೆ ಹೇಳಿದ್ದು ಇಷ್ಟು: ಬಲಗಣ್ಣು ಮುಗಿದಿದೆ. ಎಡಗಣ್ಣಿನಲ್ಲಿ ನಡುವಿನ ಒಂದು ಕಿಂಡಿಯಷ್ಟು ಉಳಿದಿದೆ. ಹನಿ ಹಾಕಬೇಕು, ಶಸ್ತ್ರಕ್ರಿಯೆ ಮಾಡಬೇಕು, ಆ ಕಿಂಡಿ ಉಳಿದರೆ ಉಳಿಯಬಹುದು.

ಬೀರಪ್ಪ ಔಷಧಿ ತರಲು ಕೆಳಗೆ ಹೋದ. ಆಸ್ಪತ್ರೆಯ ಮೊಗಸಾಲೆಯಲ್ಲಿ ನಾವಿಬ್ಬರೇ ಬೆಂಚಿನ ಮೇಲೆ ಕೂತಿದ್ದೆವು. ಹೊರಗೆ ಮಳೆ ನಿಂತು, ಕೋಟೆಯ ಕಡೆಯ ಕೆಂಪು ಕಲ್ಲುಗಳ ಮೇಲೆ ಬಿಸಿಲು ಬಿದ್ದಿತ್ತು. ನಾನು ಹೇಳಿದೆ. ಹೇಳದೆ ಇರಲು ಆಗಲಿಲ್ಲ.

"ಕಮಳಕ್ಕ, ಆ ಮಲಾಮಿನಿಂದನೇ ಹಿಂಗ ಆಗಿರಬಹುದ್ರಿ. ರೆಪ್ಪಿಗಿ ಹಚ್ಚಿದ್ದು ಕಣ್ಣಿನೊಳಗ ಹೋಗ್ತದ. ನಾನೇ ಕೊಟ್ಟೀನಿ."

ಅವಳು ನನ್ನ ದನಿಯ ಕಡೆ ತಿರುಗಿದಳು. "ನಿಮಗ ಗೊತ್ತಿತ್ತೇನ್ರಿ?"

"ಇಲ್ರಿ."

"ಡಬ್ಬಿ ಮ್ಯಾಲ ಬರ್ದಿತ್ತೇನು?"

ಬರೆದಿತ್ತು. ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಎಂದು ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ. ನಾಲ್ಕು ವರ್ಷ ನಾನು ಅದರ ಮೇಲೆಯೇ ಪೆನ್ನು ಓಡಿಸಿದ್ದೆ.

"ಬರ್ದಿತ್ರಿ," ಎಂದೆ.

ಅವಳು ಸೆರಗಿನ ತುದಿ ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಳು. "ನಮಗ ಓದಾಕ ಬರಂಗಿಲ್ರಿ" ಎಂದಳು. ಅದರಲ್ಲಿ ಸಿಟ್ಟು ಇರಲಿಲ್ಲ. ಮುಂದೆ ಏನಾದರೂ ಹೇಳುತ್ತಾಳೆಂದು ಕಾದೆ. ಬೈದರೂ ಆಗುತ್ತಿತ್ತು. ಬೀರಪ್ಪ ಬಂದ. ಅವಳು ಅವನ ತೋಳು ಹಿಡಿದುಕೊಂಡು ಎದ್ದಳು. ಅಣ್ಣನಿಗೆ ಆ ಮಾತು ಹೇಳಲಿಲ್ಲ. ಹೇಳಿದ್ದರೆ ಅವನಿಗೂ ತಿಳಿಯುತ್ತಿತ್ತು, ಐದಾರು ಟ್ಯೂಬು ಪ್ರತಿ ಸಲ ಒಯ್ದು ಕೊಟ್ಟವನು ತಾನೇ ಎಂದು. ಅದಕ್ಕೇ ಹೇಳಲಿಲ್ಲ ಅನ್ನಿಸುತ್ತದೆ.

ಆ ಭಾನುವಾರ ಭಾಲ್ಕಿಗೆ ಹೋಗಿ ಮಾಮಾನ ಜೊತೆ ಜಗಳ ಮಾಡಿದೆ. ಮಾಮಾ ಕೆಟ್ಟ ಮನುಷ್ಯ ಅಲ್ಲ. ಕೇಳಿ ಬಹಳ ನೊಂದುಕೊಂಡರು. ಟ್ಯೂಬುಗಳನ್ನು ಒಳಗಿನ ಖಾನೆಗೆ ಹಾಕಿದರು. ಒಂದು ತಿಂಗಳು ಚೀಟಿ ಇಲ್ಲದವರಿಗೆ ಕೊಡಲಿಲ್ಲ. ಮತ್ತೆ ಹೋದಾಗ ಎಲ್ಲ ಕಪಾಟಿಗೆ ಬಂದಿದ್ದವು. "ನಾ ಇಲ್ಲಂದ್ರ ಎದುರಿನಾಂವ ಕೊಡ್ತಾನ, ಸುನಂದಾ. ಅವರು ಹಚ್ಚೋದು ಬಿಡಂಗಿಲ್ಲ. ಬರೀ ನನ್ನ ಅಂಗಡಿ ಬಿಡ್ತಾರ."

ಚಳಿಗಾಲ ಬಂತು. ತೊಗರಿ ಹೂ ಬಿಟ್ಟು ಹೊಲಗಳೆಲ್ಲ ಹಳದಿ. ಕಮಳಾಬಾಯಿಗೆ ಶಸ್ತ್ರಕ್ರಿಯೆ ಆಯಿತು. ಒತ್ತಡ ಇಳಿಯಿತು, ಆದರೆ ತಡವಾಗಿತ್ತು. ಎಡಗಣ್ಣಿನ ಕಿಂಡಿಯೂ ಸಂಕ್ರಾಂತಿಯ ಹೊತ್ತಿಗೆ ಮಂಜಾಯಿತು. ನಾನು ಮಾತ್ರ ದಿನಾ ಬೆಳಿಗ್ಗೆ ಪೆಟ್ಟಿಗೆ ಹೊತ್ತು ಹೊರಡುತ್ತಿದ್ದೆ. ಮೂರನೆಯ ಪಟ್ಟಿಗೆ ಇನ್ನೊಂದು ಹೆಸರಿಗಾಗಿ ಔರಾದದ ಹಳ್ಳಿ ಹಳ್ಳಿ ತಿರುಗಿದೆ. "ಮಲಾಮು ಹಚ್ಚದವ್ರು ಯಾರರೆ ಅದಾರೇನ್ರಿ?" ಎಂದು ಕೇಳಿದರೆ ಜನ ನನ್ನನ್ನೇ ವಿಚಿತ್ರವಾಗಿ ನೋಡುತ್ತಿದ್ದರು. ಒಬ್ಬ ಮುದುಕಿ, "ಹಚ್ಚದ ಹ್ಯಾಂಗ ಇರ್ತಾರವ್ವಾ, ತುರಿಸ್ತದಲ್ಲ?" ಎಂದಳು. ಅಷ್ಟು ಸರಳವಾದ ಮಾತನ್ನು ನಮ್ಮ ಅಧ್ಯಯನದ ಕಾಗದದಲ್ಲಿ ಯಾರೂ ಬರೆದಿರಲಿಲ್ಲ.

ಮಾಘದ ಕೊನೆಗೆ ಹೈದರಾಬಾದಿನ ಪ್ರಯೋಗಾಲಯದಿಂದ ವರದಿ ಬಂತು. ಮೇಡಂ ಬಾಗಿಲು ಮುಚ್ಚಿ ಹೇಳಿದರು.

"ಸಂಖ್ಯೆ ಸಾಲವಲ್ದು. ಸಂಬಂಧ ಅದ ಅಂತ ಹೇಳಾಕೂ ಬರಂಗಿಲ್ಲ, ಇಲ್ಲ ಅಂತ ಹೇಳಾಕೂ ಬರಂಗಿಲ್ಲ. ಜೀನಿನ ದೊಡ್ಡ ದೊಡ್ಡ ಪಟ್ಟಿ ಎಲ್ಲಾ ಹೊರದೇಶದವ್ರದು, ಅದರಾಗ ನಮ್ಮಂಥವ್ರು ಎಲ್ಲಿ ಅದಾರ? ನಮ್ಮ ಜನರ ಮ್ಯಾಲೇ ನೋಡೋಣಂದ್ರ ಹೋಲಿಸಿ ನೋಡಾಕ ಒಬ್ಬಾಕಿನ ಬಿಟ್ಟು ಯಾರಿಲ್ಲ. ಮುಂದಿನ ವರ್ಷಕ್ಕ ಮಂಜೂರಾತಿ ಸಿಗಂಗಿಲ್ಲ."

"ಹಂಗಾದ್ರ ಉಗುಳು ಕೊಟ್ಟವರಿಗಿ ಏನು ಹೇಳ್ಲಿ ಮೇಡಂ? ವರದಿ ಬಂದ್ಮ್ಯಾಲ ಬಂದು ಹೇಳ್ತೇನಿ ಅಂದೀನಿ."

ಅವರು ಕನ್ನಡಕ ತೆಗೆದು ಒರೆಸಿದರು. "ಏನೂ ಗೊತ್ತಾಗಲಿಲ್ಲ ಅಂತ ಹೇಳು. ಮಲಾಮು ರೆಪ್ಪಿಗಿ ಹಚ್ಚಬ್ಯಾಡ್ರಿ ಅಂತ ಹೇಳು. ಅದಕ್ಕ ಜೀನು ಬೇಕಿಲ್ಲ, ಅದು ನಮಗ ಮೊದಲೇ ಗೊತ್ತಿತ್ತು." ಕನ್ನಡಕ ಮತ್ತೆ ಹಾಕಿಕೊಳ್ಳುತ್ತ, "ಮೊದಲೇ ಗೊತ್ತಿದ್ದದ್ದು ಹೇಳಾಕ ಯಾರೂ ಹಳ್ಳಿಗಿ ಕಳಿಸಂಗಿಲ್ಲ ನೋಡು" ಎಂದರು.

ಹೋಳಿಯ ಮುಂದಿನ ವಾರ ಕೊನೆಯ ಸುತ್ತು. ಒತ್ತಡದ ಯಂತ್ರವನ್ನು ಮೇಡಂ ಇನ್ನೊಂದು ವಾರ ನನ್ನ ಹತ್ತಿರವೇ ಇಟ್ಟುಕೊಳ್ಳಲು ಬಿಟ್ಟಿದ್ದರು. ಮನೆ ಮನೆಗೆ ಹೋಗಿ ಏನೂ ಗೊತ್ತಾಗಲಿಲ್ಲ ಎಂದು ಹೇಳುವುದು ಉಗುಳು ಕೇಳುವುದಕ್ಕಿಂತ ಕಷ್ಟವಾಗಿತ್ತು. ಕೆಲವರು, ಹೋಗಲಿ ಬಿಡ್ರಿ ಎಂದರು. ಸಾಯಗಾಂವದ ಒಬ್ಬರು, "ಮತ್ತ ಯಾಕ ಒಯ್ದ್ರಿ?" ಎಂದು ಕೇಳಿ ಒಳಗೆ ಹೋಗಿಬಿಟ್ಟರು.

ಡಾಬಕಾಕ್ಕೆ ಹೋದಾಗ ಮಧ್ಯಾಹ್ನ. ಬಿಸಿಲಿಗೆ ಕಪ್ಪು ನೆಲ ಕೈ ಹೋಗುವಷ್ಟು ಬಿರುಕು ಬಿಟ್ಟಿತ್ತು. ಕಮಳಾಬಾಯಿ ರಾಟಿಯ ಮುಂದೆಯೇ ಇದ್ದಳು. ನೂಲಲು ಕಣ್ಣು ಬೇಕಿರಲಿಲ್ಲ. ಎಳೆ ದಪ್ಪವಾಯಿತೋ ಸಣ್ಣದಾಯಿತೋ ಬೆರಳಿಗೆ ತಿಳಿಯುತ್ತಿತ್ತು. ಮುಳ್ಳು ಆರಿಸಲು ಮಾತ್ರ ಆಗುತ್ತಿರಲಿಲ್ಲ. ಅವಳ ಬೆರಳ ತುದಿಗಳಲ್ಲಿ ರಕ್ತ ಒಣಗಿದ ಚುಕ್ಕೆಗಳಿದ್ದವು. ಮಲಾಮು ಬಿಟ್ಟ ಮೇಲೆ ಕೈಯ ಇಸಬು ಮತ್ತೆ ಎದ್ದಿತ್ತು, ಹಳೆಯದಕ್ಕಿಂತ ಜೋರಾಗಿ.

"ಬರ್ರಿ ಅಕ್ಕೋರೆ," ಎಂದಳು. ನಾನು ಇನ್ನೂ ಮಾತಾಡಿರಲಿಲ್ಲ. "ಛಲೋ ಹೊತ್ತಿಗಿ ಬಂದ್ರಿ. ಗುರುವಾರ ಸವಿತಾನ ನೋಡಾಕ ಬರ್ಲತ್ತಾರ. ಆ ಕಡಿ ಮಹಾರಾಷ್ಟ್ರದವ್ರು, ಮುವ್ವತ್ತು ಕುರಿ, ಬಾವಿ ಹೊಲ. ಹುಡುಗ ಛಲೋ ಅದಾನಂತ."

ಸವಿತಾ ಒಳಗಿನಿಂದ ಬಂದಳು. ಬಾಗಿಲ ಬೆಳಕು ಅವಳ ಮುಖದ ಮೇಲೆ ಬಿತ್ತು. ರೆಪ್ಪೆಗಳ ಮೇಲೆ ಒಂದು ಗೀರೂ ಇರಲಿಲ್ಲ. ಚರ್ಮ ತೆಳ್ಳಗೆ, ಬೆಳ್ಳಗೆ, ಹೊಳೆಯುತ್ತಿತ್ತು. ಇಂಥ ಚರ್ಮ ನಾನು ನಾಲ್ಕು ವರ್ಷ ಗಲ್ಲೆಯ ಈಚೆಯಿಂದ ನೋಡಿದ್ದೇನೆ.

ತಾಯಿ ಕೈ ಚಾಚಿ ಮಗಳನ್ನು ಹತ್ತಿರ ಕರೆದಳು. ಗಾಯವಾದ ಬೆರಳುಗಳಿಂದ ಅವಳ ಹಣೆ, ರೆಪ್ಪೆ, ಕೆನ್ನೆ ಸವರಿದಳು. "ಎಷ್ಟು ನುಣ್ಣಗ ಆಗ್ಯಾದ ನೋಡ್ರಿ ಮಾರಿ. ಕೊಬ್ರಿ ಎಣ್ಣಿಗೇ ಹೋಯ್ತು. ನಾನೂ ಮೊದಲೇ ಎಣ್ಣಿನೇ ಹಚ್ಚಿದ್ರ ಆಗ್ತಿತ್ತು."

ಸವಿತಾ ನನ್ನ ಕಡೆ ನೋಡಿದಳು. ಹೇಳಬೇಡಿ ಎಂಬ ನೋಟ. ನಾನು ಗೂಡಿನ ಕಡೆ ನೋಡಿದೆ. ಆರು ಟ್ಯೂಬುಗಳಲ್ಲಿ ಒಂದೇ ಉಳಿದಿತ್ತು.

ಹಿತ್ತಿಲಿಗೆ ಕರೆದುಕೊಂಡು ಹೋಗಿ ಕೇಳಿದೆ. ದೀಪಾವಳಿಯಿಂದ ಹಚ್ಚುತ್ತಿದ್ದಾಳೆ. ಮೊದಲು ಬಂದವರು ಮುಖ ನೋಡಿ, ಹುಡುಗಿಗೆ ಚರ್ಮದ ರೋಗ ಇದೆ ಎಂದು ಎದ್ದು ಹೋದರಂತೆ. ಎರಡನೆಯವರೂ ಹಾಗೆಯೇ. "ವಾಸ್ನಿಗಿ ಮೂಗು ಹಿಡ್ಕೊಂಡು ಹಚ್ಚತೇನಿ ಅಕ್ಕಾ," ಎಂದಳು. ಒತ್ತಡ ಅಳೆದೆ. ಇಪ್ಪತ್ತೇಳು. ಇನ್ನೊಂದು ಕಣ್ಣು ಇಪ್ಪತ್ತಾರು.

"ಸವಿತಾ, ಅವ್ವಾಗ ಏನಾಯ್ತು ಅಂತ ನೀ ನೋಡೀದಿ."

"ನೋಡೀನಿ. ಅವ್ವಾಗ ಎಂಟು ವರ್ಷ ಹಿಡೀತು. ನನಗ ಗುರುವಾರ ತನಕ ಸಾಕು."

"ಬಿಟ್ರ ಈಗ ಇಳೀತದ. ಬಿಡದಿದ್ರ ಇಳಿಯಂಗಿಲ್ಲ. ನಾಳೆ ನನ್ನ ಜೊತಿ ಬೀದರಿಗಿ ಬಾ. ಬ್ಯಾರೆ ಔಷಧ ಅದ, ಮೇಡಂ ಕೊಡ್ತಾರ."

"ಅದು ಹಚ್ಚಿದ್ರ ಗುರುವಾರದೊಳಗ ಹೋಗ್ತದೇನು?"

ಹೋಗುವುದಿಲ್ಲ. ನಿಧಾನಕ್ಕೆ ಹೋಗುತ್ತದೆ, ಇಷ್ಟು ಚೆನ್ನಾಗಿ ಹೋಗುವುದೂ ಇಲ್ಲ. ಸುಳ್ಳು ಹೇಳಬಹುದಿತ್ತು. ಇಲ್ಲ ಎಂದೆ.

"ಆಮ್ಯಾಲ ಬಿಡ್ತೇನಿ. ಖರೇನ ಬಿಡ್ತೇನಿ ಅಕ್ಕಾ." ಅಷ್ಟು ಹೇಳಿ ಅವಳು ನೀರು ತರಲು ಕೊಡ ಎತ್ತಿಕೊಂಡಳು.

ತಾಯಿಗೆ ನಾನು ಹೇಳಿದೆ. ಮಗಳ ನೋಟ ಮೀರಿಯೂ ಹೇಳಿದೆ. ಇನ್ನೊಮ್ಮೆ ಸುಮ್ಮನಿರುವುದು ನನ್ನಿಂದ ಆಗುತ್ತಿರಲಿಲ್ಲ. ಕಮಳಾಬಾಯಿ ರಾಟಿ ನಿಲ್ಲಿಸಿ ಕೇಳಿದಳು. ಮುಖ ಗೋಡೆಯ ಕಡೆ ಇತ್ತು. ಕೊನೆಗೆ, "ಗುರುವಾರ ಆಗ್ಲಿರಿ ಅಕ್ಕೋರೆ" ಎಂದಳು. "ಕುರುಡಿ ಮಗಳಂತ ಮೊದಲೇ ಅನ್ಲತ್ತಾರ. ಮಾರಿನೂ ಕೆಂಪಾಗಿದ್ರ ಯಾರು ಒಯ್ತಾರ?"

ಸವಿತಾ ನೀರು ತಂದಿಳಿಸುವ ಹೊತ್ತಿಗೆ, ಗೂಡಿನಲ್ಲಿದ್ದ ಆ ಒಂದು ಟ್ಯೂಬನ್ನು ಒಯ್ಯುತ್ತೇನೆ ಎಂದು ಈ ಸಲ ಕೈಗೆ ತೆಗೆದುಕೊಂಡೆ. ತಾಯಿ ಮಗಳು ಯಾರೂ ತಡೆಯಲಿಲ್ಲ. ಅದು ಔರಾದದ ಪ್ರತಿ ಅಂಗಡಿಯಲ್ಲೂ ಸಿಗುತ್ತದೆ ಎಂದು ಮೂವರಿಗೂ ಗೊತ್ತಿತ್ತು.

ಬೀದರಿಗೆ ಬಂದು ಮೂರನೆಯ ಪಟ್ಟಿ ತೆಗೆದು ಆ ಒಂದು ಹೆಸರನ್ನು ಎರಡನೆಯ ಪಟ್ಟಿಗೆ ಬರೆದೆ. ಮೇಡಂ ನೋಡಿದರು. "ಉಗುಳು ಕೊಟ್ಟಾಗ ಹಚ್ಚಿರಲಿಲ್ಲಲ್ಲ, ಅಲ್ಲೇ ಇರ್ಲಿ ಬಿಡು" ಎಂದರು. ನಾನು ಬಿಡಲಿಲ್ಲ. ಮೂರನೆಯ ಹಾಳೆ ಖಾಲಿಯಾಗಿಯೇ ಕಡತದೊಳಗೆ ಹೋಯಿತು. ಯುಗಾದಿಯ ವಾರ ಆಸ್ಪತ್ರೆಯಲ್ಲಿದ್ದ ಅಧ್ಯಯನದ ಕೋಣೆ ಖಾಲಿ ಮಾಡಿದೆವು, ನಾನು ಬೀದರಿನಲ್ಲೇ ಉಳಿದೆ. ಕೊಳವೆಗಳೆಲ್ಲ ಹೈದರಾಬಾದಿನ ಯಾವುದೋ ತಣ್ಣನೆಯ ಪೆಟ್ಟಿಗೆಯಲ್ಲಿ ಈಗಲೂ ಇರಬೇಕು.

ಗುರುವಾರ ಬಂದವರು ಸವಿತಾಳನ್ನು ಒಪ್ಪಿದರು. ಆ ಬೇಸಿಗೆಯಲ್ಲಿ ಮದುವೆ ಆಯಿತು, ಈಗ ವರ್ಷದ ಮೇಲಾಯಿತು. ನನ್ನನ್ನೂ ಕರೆದಿದ್ದರು, ಹೋಗಲಿಲ್ಲ. ಎರಡು ಸಲ ಫೋನು ಮಾಡಿದೆ. ಮೊದಲ ಸಲ, ಬರ್ತೇನಿ ಅಕ್ಕಾ, ಸುಗ್ಗಿ ಮುಗೀಲಿ ಎಂದಳು. ಎರಡನೆಯ ಸಲ ಗಂಡ ಎತ್ತಿ, ಅವಳಿಗೆ ಏನೂ ಆಗಿಲ್ಲವಲ್ಲ, ಆಸ್ಪತ್ರೆಗೆ ಯಾಕೆ ಎಂದು ಮರಾಠಿಯಲ್ಲಿ ಕೇಳಿದ. ಆಮೇಲೆ ಆ ನಂಬರು ಹತ್ತಲಿಲ್ಲ.

ಹೋದ ವಾರ ಮಾಮಾ ಊಟ ಮುಗಿಸಿ ಬಂದ ಮೇಲೆ ನಾನು ಭಾತಂಬ್ರಾಕ್ಕೆ ಹೋದೆ. ಬೀರಪ್ಪ ಕುರಿಗಳಿಗೆ ನೀರು ಕುಡಿಸುತ್ತಿದ್ದ. ಕಮಳಾಬಾಯಿಯ ಸುದ್ದಿ ಹೇಳಿದ: ಈಗ ಬಾಗಿಲ ಬೆಳಕೂ ಕಾಣುವುದಿಲ್ಲ, ನೂಲುವುದು ಮಾತ್ರ ಬಿಟ್ಟಿಲ್ಲ. ಸವಿತಾ ಹೇಗಿದ್ದಾಳೆ ಎಂದು ಕೇಳಿದೆ.

"ಆರಾಮ ಅದಾಳ್ರಿ," ಅಂದ. "ಪಂಚಮಿಗಿ ಬಂದಿದ್ಳು. ಮಾರಿ ಹಂಗೇ ನುಣ್ಣಗ ಅದ. ಕಣ್ಣಿಗೂ ಏನೂ ತ್ರಾಸ ಇಲ್ಲಂತ."

ಆತ ಹೇಳಿದ್ದು ನಿಜವೇ ಇರಬೇಕು. ಇಪ್ಪತ್ತೊಂದು ವರ್ಷದ ಹುಡುಗಿ, ತ್ರಾಸ ಆಗುವ ಹೊತ್ತು ಇನ್ನೂ ಬಂದಿಲ್ಲ. ಅವಳ ಊರಿನ ಹೆಸರು ಕೇಳಿ ಒಂದು ಕಾಗದದ ಮೇ‌ಲೆ ಬರೆದುಕೊಂಡೆ. ಹೋಗಿ ಏನು ಹೇಳಬೇಕು ಎಂದು ಬಸ್ಸಿನಲ್ಲಿ ಬೀದರ ಬರುವವರೆಗೂ ಯೋಚಿಸಿದೆ. ಹೇಳಬೇಕಾದದ್ದನ್ನೆಲ್ಲ ಅವಳಿಗೆ ಒಮ್ಮೆ ಹೇಳಿಯಾಗಿತ್ತು.